ಕಾರ್ಯದರ್ಶಿಯ ಮಿಲ್ಲು ಅಂಗಿ

ಕೈ ತೊಳೆಯಲು ಎದ್ದು ಹೋದದ್ದೇ ಸದಾನಂದ ಮಾಡಿದ ತಪ್ಪು.

ಅದು ನಡೆದು ಕೆಲವು ವರ್ಷಗಳಾಗಿದ್ದವು. ಮದರಾಸಿನ ಟ್ರಿಪ್ಲಿಕೇನಿನಲ್ಲಿ, ಸೀತಾರಾಮ ರಾಯರ ಹೋಟೆಲಿನ ಮಹಡಿಯ ಮೇಲೆ, ಐದಾರು ಮಂದಿ ಕೈಮಗ್ಗದ ಬಟ್ಟೆ ವ್ಯಾಪಾರಿಗಳು ಮಸಾಲೆದೋಸೆ ತಿನ್ನುತ್ತ, ಮಿಲ್ಲಿನವರು ತಮ್ಮ ವ್ಯಾಪಾರವನ್ನು ಹೇಗೆ ನುಂಗುತ್ತಿದ್ದಾರೆಂದು ಗೋಳು ಹೇಳಿಕೊಳ್ಳುತ್ತಿದ್ದರು. ನಮಗೂ ಒಂದು ಸಂಘ ಇರಬೇಕು ಎಂದು ಯಾರೋ ಅಂದರು. ಹೌದು ಹೌದು ಎಂದು ತಲೆಯಾಡಿಸಿ ಸದಾನಂದ ಕೈ ತೊಳೆಯಲು ಹೋದ. ನಲ್ಲಿಯಲ್ಲಿ ನೀರು ನೂಲಿನ ಹಾಗೆ ಸಣ್ಣಗೆ ಬರುತ್ತಿತ್ತು. ಅವನು ಮರಳಿ ಬರುವಷ್ಟರಲ್ಲಿ ಕೈಮಗ್ಗ ಜವಳಿ ವರ್ತಕರ ಸಂಘ ಹುಟ್ಟಿ, ಅದಕ್ಕೊಬ್ಬ ಅಧ್ಯಕ್ಷ, ಒಬ್ಬ ಖಜಾಂಚಿ ಆಗಿ, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಅವನೂ ತಟ್ಟಿದ. ಚಪ್ಪಾಳೆ ಹೊಸ ಕಾರ್ಯದರ್ಶಿಗೆ, ಆ ಕಾರ್ಯದರ್ಶಿ ತಾನೇ ಎಂದು ಗೊತ್ತಾದದ್ದು ಆಮೇಲೆ.

ಆಗ ಸಂಘಕ್ಕಿದ್ದ ಆಸ್ತಿಯೆಂದರೆ ಒಂದು ರಬ್ಬರ್ ಸ್ಟಾಂಪು. ಅದನ್ನು ಒತ್ತಲು ಕಾಗದ ಬೇಕಾಯಿತು. ಕಾಗದ ಇಡಲು ಕಪಾಟು, ಕಪಾಟು ಇಡಲು ಕೋಣೆ, ಕೋಣೆಗೊಂದು ಬೋರ್ಡು. ಬೋರ್ಡು ನೋಡಿ ಮೈಲಾಪುರದವರು ಬಂದು ಸೇರಿದರು. ಅವರು ಸೇರಿದ್ದನ್ನು ನೋಡಿ ವಾಷರ್‌ಮನ್‌ಪೇಟೆಯವರು ಸೇರಿದರು. ಸರ್ಕಾರ ಕೈಮಗ್ಗದ ಬಟ್ಟೆಗೆ ಹಬ್ಬದ ರಿಬೇಟು ಕೊಡತೊಡಗಿದ ಮೇಲಂತೂ ರಾತ್ರಿ ಮುಚ್ಚಿಟ್ಟ ಇಡ್ಲಿ ಹಿಟ್ಟಿನ ಹಾಗೆ ಸಂಘ ಉಬ್ಬುತ್ತ ಹೋಯಿತು. ಬಣ್ಣದ ಉಪಸಮಿತಿ, ನೂಲಿನ ಉಪಸಮಿತಿ, ಪ್ರದರ್ಶನದ ಉಪಸಮಿತಿ, ಇವುಗಳ ಜಗಳ ಬಿಡಿಸಲು ಇನ್ನೊಂದು ಉಪಸಮಿತಿ. ಸಭೆಗೆ ಬಾರದವರ ಹೆಸರನ್ನು ಅವರಿಲ್ಲದಾಗಲೇ ಯಾವುದಾದರೊಂದು ಉಪಸಮಿತಿಗೆ ಸೇರಿಸುವ ಪದ್ಧತಿ ಇತ್ತು. ಆದ್ದರಿಂದ ಸದಸ್ಯರೆಲ್ಲ ಅಂಗಡಿಗೆ ಬೀಗ ಹಾಕಿಯಾದರೂ ಸಭೆಗೆ ಬರುತ್ತಿದ್ದರು. ಎಲ್ಲ ಸಮಿತಿಗಳ ಕಾಗದ ಬರೆಯುವವನು, ಕಾಫಿ ಹೇಳುವವನು, ಕುರ್ಚಿ ಎಣಿಸುವವನು ಸದಾನಂದ.

ಅವನು ಬಿಡಿಸಿಕೊಳ್ಳಲು ನೋಡದೆ ಇರಲಿಲ್ಲ. ಮೊದಲ ಸಲ ಸಭೆಯಲ್ಲಿ ಎದ್ದು ನಿಂತು ರಾಜೀನಾಮೆ ಹೇಳಿದಾಗ ಎಷ್ಟು ವಿನಯವಂತ ಎಂದು ಹಾರ ಹಾಕಿದರು. ಎರಡನೆಯ ಸಲ ಬರೆದು ಕೊಟ್ಟ. ಸಭೆ ಅದನ್ನು ಗಂಭೀರವಾಗಿ ಓದಿ, 'ಮುಂದಿನ ಕ್ರಮಕ್ಕಾಗಿ ಕಾರ್ಯದರ್ಶಿಯವರಿಗೆ ಕಳುಹಿಸತಕ್ಕದ್ದು' ಎಂದು ತೀರ್ಮಾನಿಸಿತು. ಸದಾನಂದ ತನ್ನ ರಾಜೀನಾಮೆಯನ್ನು ತಾನೇ ಮನೆಗೆ ತೆಗೆದುಕೊಂಡು ಹೋದ.

ಆ ವರ್ಷ ದೀಪಾವಳಿಗೆ ಸ್ವಲ್ಪ ಮೊದಲು ಬಂದ ಆದಿತ್ಯವಾರ ಸಂಘದ ವಾರ್ಷಿಕ ಸಭೆ. ಬೆಳಿಗ್ಗೆ ಕಾಫಿ ಲೋಟ ಮುಂದಿಡುತ್ತಲೇ ಹೆಂಡತಿ ಸುಗುಣಾ ಕೇಳಿದಳು:

"ನಾಳೆಯ ರೈಲಿಗೆ ನೀವು ಸೇಲಂಗೆ ಹೋಗುತ್ತೀರೋ ಇಲ್ಲವೋ? ಅದೊಂದು ಹೇಳಿ."

"ನಾಳೆ ಕೋಟೆಯ ಸೆಕ್ರೆಟೇರಿಯೆಟ್ಟಿಗೆ ನಿಯೋಗ ಹೋಗಲಿಕ್ಕುಂಟು ಮಾರಾಯ್ತಿ. ಮಂತ್ರಿಗಳು ಸಮಯ ಕೊಟ್ಟಿದ್ದಾರೆ. ಕಾರ್ಯದರ್ಶಿ ಇಲ್ಲದೆ—"

"ಮಂತ್ರಿಗಳು ಸೀರೆ ನೇಯುತ್ತಾರಾ?"

ಸದಾನಂದ ಕಾಫಿ ಊದಿದ. ಅದು ಆಗಲೇ ಆರಿತ್ತು.

"ನೇಕಾರರು ಎರಡು ಸಲ ಹೇಳಿ ಕಳಿಸಿದ್ದಾರೆ. ನಾಳೆ ಹೋಗಿ ಮಾತು ಮುಗಿಸದಿದ್ದರೆ ನಮಗೆಂದು ಇಟ್ಟ ಸೀರೆಯೆಲ್ಲ ಬೇರೆಯವರಿಗೆ ಹೋಗುತ್ತದೆ. ಕಪಾಟಿನಲ್ಲಿ ಈಗ ಟವೆಲು ಬಿಟ್ಟರೆ ಏನುಂಟು? ದೀಪಾವಳಿಗೆ ಹೆಂಗಸರು ಟವೆಲು ಉಟ್ಟುಕೊಳ್ಳುತ್ತಾರಾ? ಈ ಹಬ್ಬ ತಪ್ಪಿದರೆ ಅಂಗಡಿ ಉಳಿಯುವುದಿಲ್ಲ. ಆಮೇಲೆ ತಾಂಬರಂನಲ್ಲಿ ನನ್ನ ಅಣ್ಣನ ಹೋಟೆಲಿಗೆ ಹೋಗಿ ಗಲ್ಲಾಪೆಟ್ಟಿಗೆಯ ಮುಂದೆ ಕೂತುಕೊಳ್ಳಿ."

ಭಾವನ ಹೋಟೆಲಿನ ಗಲ್ಲಾದಲ್ಲಿ ಕೂತರೆ ಭಾವ ಬೆನ್ನ ಹಿಂದೆಯೇ ಕೂರುತ್ತಾನೆ. ಬಂದ ಗಿರಾಕಿಗಳಿಗೆಲ್ಲ, "ನನ್ನ ತಂಗಿಯ ಗಂಡ. ಸ್ವಂತ ಅಂಗಡಿ ಇತ್ತು" ಎಂದು ಪರಿಚಯ ಮಾಡಿಕೊಡುತ್ತಾನೆ.

"ಸೇಲಂಗೆ ಹೋಗಬೇಕಾದರೆ ಸಂಘ ಬಿಡಬೇಕು," ಎಂದ.

"ಬಿಡಿ."

"ಅವರು ಬಿಡಬೇಕಲ್ಲ!"

"ಅದು ನಿಮ್ಮ ಕೆಲಸ. ಅಂಗಡಿಯಲ್ಲಿ ನಾನು ಕೂರುತ್ತಿಲ್ಲವಾ? ಹೊರಗಿನದ್ದನ್ನು ಇನ್ಯಾರು ಮಾಡಬೇಕು?"

ಕೂರುವುದೇನು ದೊಡ್ಡ ಕೆಲಸವೇ ಎಂದು ಸದಾನಂದನ ಬಾಯಿಗೆ ಬಂತು. ಕಾಫಿಯ ಜೊತೆ ನುಂಗಿದ.

ಸ್ನಾನ ಮಾಡುವಾಗ ಅವನಿಗೆ ಉಪಾಯ ಹೊಳೆಯಿತು. ಸಂಘದ ನಿಯಮಾವಳಿ ಬರೆದವನು ಅವನೇ. ಅದರಲ್ಲಿ ಒಂದು ಕಠಿಣ ನಿಯಮವಿತ್ತು: ಸಂಘದ ಸಭೆಗೆ ಮಿಲ್ಲಿನ ಬಟ್ಟೆ ತೊಟ್ಟು ಬಂದ ಪದಾಧಿಕಾರಿ ಆ ಕ್ಷಣವೇ ಪದವಿ ಕಳೆದುಕೊಳ್ಳತಕ್ಕದ್ದು. ಅಧ್ಯಕ್ಷ ಭೋಜರಾಜ ಚೆಟ್ಟಿಯಾರರು ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ನಮಸ್ಕಾರ ಹೇಳುವ ಬದಲು ಅಂಗಿಯ ತೋಳನ್ನು ಎರಡು ಬೆರಳಿನಲ್ಲಿ ಹಿಡಿದು ಉಜ್ಜಿ ನೋಡುತ್ತಿದ್ದರು. ಆ ಮಂದಿಯಲ್ಲಿ ಮೊದಲು ಬಟ್ಟೆಯ ಪರಿಚಯ, ಆಮೇಲೆ ಮನುಷ್ಯನದು. ರಾಜೀನಾಮೆ ಕೊಟ್ಟವನನ್ನು ಬಿಡದಿರಬಹುದು. ಮಿಲ್ಲಿನ ಅಂಗಿ ತೊಟ್ಟವನನ್ನು ಇಟ್ಟುಕೊಳ್ಳುವುದು ಹೇಗೆ?

ಆದರೆ ಮಿಲ್ಲಿನ ಅಂಗಿ ಎಲ್ಲಿಂದ ತರುವುದು? ಮನೆಯಲ್ಲಿ ತಲೆದಿಂಬಿನ ಚೀಲದಿಂದ ಹಿಡಿದು ಎಲ್ಲವೂ ಕೈಮಗ್ಗದ್ದು. ಬೀದಿಯ ತುದಿಯ ಮಿಲ್ಲು ಬಟ್ಟೆಯ ಅಂಗಡಿಗೆ ಹೋದರೆ, ದಾರಿಯುದ್ದಕ್ಕೂ ಇದ್ದ ಸಂಘದವರು ನೋಡಿ ಸಭೆಗೆ ಮೊದಲೇ ತಡೆಯುತ್ತಾರೆ. ಪಾಂಡಿ ಬಜಾರಿನ ಐತಪ್ಪನ ರೆಡಿಮೇಡ್ ಅಂಗಡಿಯ ನೆನಪಾಯಿತು. ಊರ ಕಡೆಯವನು. ಹಿಂದೆ ಒಮ್ಮೆ ಸಂಘಕ್ಕೆ ಸೇರಲು ಬಂದಿದ್ದ; ಮಿಲ್ಲಿನ ಅಂಗಿ ಮಾರುತ್ತಾನೆಂದು ಚೆಟ್ಟಿಯಾರರು ಮೆಟ್ಟಿಲಿಳಿಸಿ ಕಳುಹಿಸಿದ್ದರು.

ಬೀದಿಗೆ ಕಾಲಿಟ್ಟದ್ದೇ ತಡ, ಪಕ್ಕದ ಅಂಗಡಿಯ ತಿರುಮಲೇಶ ಎದುರಾದ. ಮೈಸೂರಿನ ಕಡೆಯವನು, ಸಂಘದ ಖಜಾಂಚಿ. ಕಾರ್ಯದರ್ಶಿ ಇಲ್ಲದಾಗ ಅವನ ಕೆಲಸವನ್ನು ಖಜಾಂಚಿ ಮಾಡಬೇಕೆಂಬ ನಿಯಮವೂ ಇದ್ದದ್ದರಿಂದ, ಸದಾನಂದನ ಆರೋಗ್ಯವನ್ನು ತಿರುಮಲೇಶನಷ್ಟು ಜೋಪಾನವಾಗಿ ನೋಡಿಕೊಳ್ಳುವವರು ಮದರಾಸಿನಲ್ಲಿ ಬೇರೆ ಯಾರೂ ಇರಲಿಲ್ಲ.

"ಏನ್ ಸ್ವಾಮಿ, ಸಭೆ ದಿವಸ ಬೆಳಗಾಗೆದ್ದು ಎಲ್ಲಿಗೆ ಸವಾರಿ?"

"ಹಲ್ಲುನೋವು," ಎಂದುಬಿಟ್ಟ ಸದಾನಂದ.

"ಅಯ್ಯಯ್ಯೋ! ಮಧ್ಯಾಹ್ನ ವರದಿ ಓದೋರು ಯಾರು? ಬನ್ನಿ, ಬನ್ನಿ. ಇಲ್ಲೇ ಮೂಲೇಲಿ ನಮ್ಮ ಪರಿಚಯದ ಚೀನೀ ಹಲ್ಲು ಡಾಕ್ಟ್ರು ಇದಾರೆ. ಭಾನುವಾರಾನೂ ತೆಗೆದಿರ್ತಾರೆ."

"ಬೇಡ ಬೇಡ, ಕಡಿಮೆಯಾಯಿತು."

"ಹಲ್ಲುನೋವು ನಂಬಿಸಿ ಕೈ ಕೊಡತ್ತೆ ಸ್ವಾಮಿ! ಭಾಷಣದ ಮಧ್ಯೆ ಕಿತ್ಕೊಂಡ್ರೆ?"

ತಿರುಮಲೇಶ ಅವನನ್ನು ಹೊಸ ಎತ್ತನ್ನು ಎಳೆದೊಯ್ಯುವಂತೆ ಎಳೆದೊಯ್ದ. ಡಾಕ್ಟರು ಕುರ್ಚಿ ಹಿಂದಕ್ಕೆ ಬಗ್ಗಿಸಿ, ಯಾವ ಹಲ್ಲು ಎಂದು ತಮಿಳಿನಲ್ಲಿ ಕೇಳಿದರು. ಸದಾನಂದ ಗಾಬರಿಯಲ್ಲಿ ಕೈಗೆ ಸಿಕ್ಕ ಕಡೆ ಬೆರಳಿಟ್ಟ. ಡಾಕ್ಟರು ತಟ್ಟಿ ನೋಡಿ, ನೋಯುತ್ತದೆಯೇ ಎಂದರು. ಬಾಗಿಲಲ್ಲಿ ತಿರುಮಲೇಶ ಕೈಕಟ್ಟಿ ನಿಂತಿದ್ದ. ಇಲ್ಲ ಎಂದರೆ, ಹಾಗಾದರೆ ಹೊರಟದ್ದೆಲ್ಲಿಗೆ ಎಂದು ಕೇಳುತ್ತಾನೆ. ಸದಾನಂದ ಕಣ್ಣು ಮುಚ್ಚಿ "ಆ" ಎಂದ.

ಒಳ್ಳೆಯ ಹಲ್ಲು. ಕೀಳಲು ಡಾಕ್ಟರಿಗೇ ಬಹಳ ಕಷ್ಟವಾಯಿತು.

"ಇನ್ನು ಮನೆಗೆ ಹೋಗಿ ಮಲಗಿ. ಸಭೆ ಹೊತ್ತಿಗೆ ಬಂದ್ರೆ ಸಾಕು," ಎಂದು ತಿರುಮಲೇಶ ಪ್ರೀತಿಯಿಂದ ಬೆನ್ನು ಸವರಿ ಹೋದ. ಅವನು ತಿರುವಿನಲ್ಲಿ ಮರೆಯಾದದ್ದೇ, ಊದಿದ ಕೆನ್ನೆಗೆ ಕರವಸ್ತ್ರ ಒತ್ತಿ ಹಿಡಿದು ಸದಾನಂದ ಟಿ. ನಗರದ ಬಸ್ಸು ಹತ್ತಿದ.

ಐತಪ್ಪ ಅಂಗಡಿಯ ಜಗಲಿಯಲ್ಲಿ ನಿಂತು ಗಿರಾಕಿಗಳನ್ನು ಕರೆಯುತ್ತಿದ್ದ. ಸದಾನಂದನನ್ನು ಕಂಡವನೇ ನೆಟ್ಟಗಾದ.

"ಓಹೋ! ಕಾರ್ಯದರ್ಶಿಗಳು! ಇದೆಂತ ಅಪರೂಪ? ಕೆನ್ನೆ ಎಂತ ಮಾಡಿಕೊಂಡಿರಿ?"

"ಅದು ಬಿಡಿ. ನನಗೊಂದು ಅಂಗಿ ಬೇಕು." ಸದಾನಂದ ಅತ್ತಿತ್ತ ನೋಡಿ ತಗ್ಗಿದ ದನಿಯಲ್ಲಿ ಹೇಳಿದ. "ಮಿಲ್ಲಿನದು."

ಐತಪ್ಪನ ನಗು ನಿಂತಿತು. "ಯಾರಿಗೆ?"

"ನನಗೇ."

"ನಿಮಗೆ?"

"ಹೌದು. ಅಪ್ಪಟ ಮಿಲ್ಲಿನದು. ಮುಟ್ಟಿದರೆ ಗೊತ್ತಾಗಬೇಕು."

ಐತಪ್ಪ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಬೀದಿಯ ಆಚೆ ಬದಿ ನೋಡಿದ. ಮತ್ತೆ ಸದಾನಂದನ ಮುಖ ನೋಡಿದ. ಆಮೇಲೆ ಅವನ ಮುಖದ ಮೇಲೆ ಲಾಟರಿ ಹೊಡೆದವನ ಕಳೆ ಬಂತು.

"ಗೊತ್ತಾಯಿತು, ಗೊತ್ತಾಯಿತು! ಬನ್ನಿ, ಕೂತುಕೊಳ್ಳಿ. ನಿಮಗೆ ಯಾವುದು ಬೇಕೋ ಅದನ್ನೇ ಕೊಡುತ್ತೇನೆ."

ಅವನು ಒಳಗೆ ಹೋಗಿ ಬಹಳ ಹೊತ್ತು ಮಾಡಿದ. ಹೊರಗೆ ಬಂದಾಗ ಕೈಯಲ್ಲಿ ಕಾಗದದ ಪೊಟ್ಟಣವಿತ್ತು, ಮೇಲೆ ದೊಡ್ಡ ಮಿಲ್ಲಿನ ಮುದ್ರೆ. ಸದಾನಂದನಿಗೆ ಅಷ್ಟೇ ಸಾಕಾಯಿತು. ಬಿಚ್ಚಿ ಮುಟ್ಟಿ ನೋಡಿದ್ದರೂ ಪ್ರಯೋಜನವಿರಲಿಲ್ಲ. ವರದಿ, ನಿರ್ಣಯ, ಸುತ್ತೋಲೆಗಳನ್ನೇ ಮುಟ್ಟುತ್ತಿದ್ದ ಅವನ ಬೆರಳುಗಳು ಬಟ್ಟೆಯನ್ನು ಎಂದೋ ಮರೆತಿದ್ದವು.

"ಒಂದು ಮಾತು," ಎಂದ ಐತಪ್ಪ. "ಇವತ್ತಿನ ಸಭೆಗೆ ನಾನೂ ಬರಬಹುದಲ್ಲ? ಸುಮ್ಮನೆ, ಹಿಂದೆ ನಿಲ್ಲುತ್ತೇನೆ."

ಸಂಘದಿಂದ ಹೊರಬೀಳುವ ಸಂತೋಷದಲ್ಲಿದ್ದವನಿಗೆ ಯಾರು ಒಳಗೆ ಬಂದರೇನು? "ಬನ್ನಿ, ಬನ್ನಿ," ಎಂದ ಸದಾನಂದ.

ಮಧ್ಯಾಹ್ನ ಸೀತಾರಾಮ ರಾಯರ ಮಹಡಿ ತುಂಬಿ ತುಳುಕುತ್ತಿತ್ತು. ಬೀದಿಯ ಎರಡೂ ಬದಿಯ ಜವಳಿ ಅಂಗಡಿಗಳಿಗೆ ಬೀಗ ಬಿದ್ದಿತ್ತು. ಹೋಟೆಲಿನ ಎದುರಿಗಿದ್ದ ಸದಾನಂದನ ಅಂಗಡಿಯೊಂದು ತೆರೆದಿತ್ತು. ಅಲ್ಲಿ ಸುಗುಣಾ ಟವೆಲುಗಳ ನಡುವೆ ಕೂತಿದ್ದಳು. ಸದಾನಂದ ಹಿಂಬದಿಯ ಮೆಟ್ಟಿಲಿನಿಂದ ಬಂದು, ಕೈ ತೊಳೆಯುವ ಕಡೆ ನಿಂತು ಹೊಸ ಅಂಗಿ ತೊಟ್ಟುಕೊಂಡ. ಮೈಮೇಲೆ ಅದು ಎಷ್ಟು ನುಣುಪಾಗಿತ್ತೆಂದರೆ ಪಾಪ ಮಾಡಿದ ಹಾಗೇ ಅನಿಸಿತು.

ಬಾಗಿಲಲ್ಲಿ ಭೋಜರಾಜ ಚೆಟ್ಟಿಯಾರರು. ಅವರ ಹಿರಿಯರು ಸೇಲಂ ಕಡೆಯ ಕನ್ನಡದ ದೇವಾಂಗರು. ಮನೆಯ ಮಾತು ಕನ್ನಡವೇ ಆದರೂ ಉತ್ಸಾಹ ಬಂದಾಗ ಅರ್ಧ ತಮಿಳಾಗುತ್ತಿತ್ತು.

"ವಾಂಗೋ, ಬನ್ನಿ ಸದಾನಂದ! ಹಲ್ಲು ಕೀಳಿಸ್ಕೊಂಡೂ ಬಂದಿದಾರೆ, ಪಾರುಂಗೋ, ನೋಡಿ! ಇಂಥೋರು ಸಂಘಕ್ಕೆ ಎಲ್ಲಿ ಸಿಕ್ತಾರೆ?" ಎಂದು ಎಲ್ಲರಿಗೂ ಕೇಳುವಂತೆ ಕೂಗಿ, ಅಭ್ಯಾಸಬಲದಿಂದ ತೋಳು ಹಿಡಿದು ಉಜ್ಜಿದರು. ಬೆರಳು ನಿಂತಿತು. ಮತ್ತೊಮ್ಮೆ ಉಜ್ಜಿದರು. "ಇದೇನ್ರೀ ಇಷ್ಟು ನೈಸು?"

ಸದಾನಂದ ಇದಕ್ಕೇ ಕಾದಿದ್ದ. ಸಭೆಯ ನಡುವೆ ನುಗ್ಗಿ, ರಸ್ತೆ ಕಡೆಯ ಕಿಟಕಿಯ ಬಳಿ ನಿಂತು, ಹಲ್ಲು ಹೋದ ಬಾಯಿಂದಲೇ ಘೋಷಿಸಿದ:

"ಮಹನೀಯರೇ! ನಾನು ತೊಟ್ಟಿರುವುದು ಮಿಲ್ಲಿನ ಅಂಗಿ! ತಿಳಿದೇ ತೊಟ್ಟಿದ್ದೇನೆ. ನಿಯಮದ ಪ್ರಕಾರ ನನ್ನನ್ನು ಈ ಕ್ಷಣವೇ ತೆಗೆದುಹಾಕಿ!"

ಇನ್ನು ಛೀಮಾರಿ ಹಾಕುತ್ತಾರೆ ಎಂದು ಸದಾನಂದ ಕಣ್ಣು ಮುಚ್ಚಿದ. ಛೀಮಾರಿಯ ಬದಲು ಕುರ್ಚಿಗಳು ಹಿಂದಕ್ಕೆ ಸರಿಯುವ ಸದ್ದು ಕೇಳಿತು. ಕಾರ್ಯದರ್ಶಿಯನ್ನು ತೆಗೆದರೆ ಇನ್ನೊಬ್ಬನನ್ನು ಮಾಡಬೇಕು ಎಂಬುದು ಎಲ್ಲರ ತಲೆಗೂ ಒಟ್ಟಿಗೇ ಹೊಳೆದಿತ್ತು. ಯಾರೂ ಯಾರ ಕಣ್ಣಿಗೂ ಬೀಳಲು ಸಿದ್ಧರಿರಲಿಲ್ಲ.

ಮೊದಲು ಎದ್ದವನು ತಿರುಮಲೇಶ. ಅವನ ಮುಖ ಬಿಳಿಚಿತ್ತು.

"ಇದು ಸುಳ್ಳು! ಇವ್ರು ಅಂಥೋರಲ್ಲ! ಔಷಧಿ ಮಂಪರಲ್ಲಿ ಮಾತಾಡ್ತಿದಾರೆ. ಹಲ್ಲು ಕಿತ್ತಾಗ ನಾನೇ ಪಕ್ಕದಲ್ಲಿದ್ದೆ!"

"ಮಂಪರಲ್ಲ, ಮಿಲ್ಲು!"

"ಅದೆಲ್ಲಾ ಒಪ್ಪಲ್ಲ," ಎಂದರು ಚೆಟ್ಟಿಯಾರರು. "ಕುತ್ತವಾಳಿ, ತಪ್ಪಿತಸ್ಥ, ತಾನೇ ಒಪ್ಕೊಂಡ ಅಂತ ಕೋರ್ಟು ಒಪ್ಪುತ್ತಾ? ಸಾಕ್ಷಿ ಬೇಕು. ಅಂಗಿ ಬಿಚ್ಚಿ!"

ನಾಲ್ಕು ಜನ ಸೇರಿ ಅಂಗಿ ಬಿಚ್ಚಿಯೇಬಿಟ್ಟರು. ಚೆಟ್ಟಿಯಾರರು ಕನ್ನಡಕ ಏರಿಸಿ, ಅಂಗಿಯನ್ನು ಮಗುಚಿ, ಒಳಹೊಲಿಗೆಯಲ್ಲಿ ಅಡಗಿದ್ದ ಬಟ್ಟೆಯ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕೈಮಗ್ಗದಲ್ಲಿ ಬಟ್ಟೆ ಕುಗ್ಗದಂತೆ ಅಗಲಕ್ಕೆ ಎಳೆದು ಹಿಡಿಯಲು ಒಂದು ಕೋಲು ಕಟ್ಟುತ್ತಾರೆ. ಅದರ ತುದಿಯ ಸೂಜಿಗಳು ಅಂಚಿನ ಉದ್ದಕ್ಕೂ ಸಣ್ಣ ತೂತುಗಳನ್ನು ಬಿಟ್ಟಿರುತ್ತವೆ. ಆ ಮಂದಿಗೆ ಅದು ಹಣೆಯ ಮೇಲಿನ ನಾಮದ ಹಾಗೆ.

"ತೂತು!" ಎಂದು ಚೆಟ್ಟಿಯಾರರು ಅರಚಿದರು. "ತೂತಿದೆ! ಕೈಮಗ್ಗವೇದಾನ್!"

ಮಹಡಿ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ತಿರುಮಲೇಶ ಆನಂದದಿಂದ ಕುರ್ಚಿಗೆ ಕುಸಿದ. ಸದಾನಂದ ಬನಿಯನ್ನಿನಲ್ಲಿ ನಿಂತು ಬಾಯಿ ಬಿಟ್ಟ. ಹಿಂದಿನ ಸಾಲಿನಿಂದ ಐತಪ್ಪ ಮುಂದೆ ಬಂದು ಕೈಮುಗಿದ.

"ಸ್ವಾಮಿ, ಅದು ನನ್ನ ಅಂಗಡಿಯ ಮಾಲು. ಕಾರ್ಯದರ್ಶಿಗಳು ಬೆಳಿಗ್ಗೆ ಬಂದು ಮಿಲ್ಲಿನ ಅಂಗಿ ಕೊಡು ಅಂದರು. ಸಂಘದವರು ನನ್ನನ್ನು ಪರೀಕ್ಷೆ ಮಾಡುವುದು ಅಂತ ಅಷ್ಟೂ ಗೊತ್ತಾಗುವುದಿಲ್ಲವಾ ನನಗೆ? ಇದ್ದದ್ದರಲ್ಲಿ ಎಲ್ಲಕ್ಕಿಂತ ನಯವಾದ ಕೈಮಗ್ಗದ ಅಂಗಿಯನ್ನೇ ಮಿಲ್ಲಿನ ಕಾಗದದಲ್ಲಿ ಕಟ್ಟಿಕೊಟ್ಟೆ. ಈಗಲಾದರೂ ನನ್ನನ್ನು ಸೇರಿಸಿಕೊಳ್ಳಿ!"

"ಭೇಷ್! ಸಂಘಕ್ಕೆ ಜನ ಸೇರಿಸೋದಕ್ಕೆ ಎಂಥ ತಂತ್ರ ಮಾಡಿದಾರೆ ನಮ್ಮ ಸದಾನಂದ!" ಎಂದರು ಚೆಟ್ಟಿಯಾರರು. ಐತಪ್ಪ ಅಲ್ಲೇ ಸದಸ್ಯನಾದ. ಪಾಂಡಿ ಬಜಾರಿನ ಇನ್ನಷ್ಟು ಅಂಗಡಿಯವರನ್ನೂ ಕರೆತರುವುದಾಗಿ ಮಾತು ಕೊಟ್ಟ. ಟಿ. ನಗರ ಶಾಖೆ ತೆರೆಯಬೇಕೆಂದು ಯಾರೋ ಕೂಗಿದರು. ಅದರ ಕೆಲಸವೂ ಕಾರ್ಯದರ್ಶಿಗೇ ಎಂದು ಇನ್ಯಾರೋ ಕೂಗಿದರು.

ಮುಳುಗುವವನು ಸಿಕ್ಕಿದ್ದನ್ನು ಹಿಡಿಯುವಂತೆ ಸದಾನಂದ ತನ್ನ ಬನಿಯನ್ನನ್ನು ಎರಡೂ ಕೈಯಲ್ಲಿ ಹಿಡಿದು ಎಳೆದ.

"ಇದು? ಇದು ಎಲ್ಲಿಯದು? ಯಂತ್ರದಲ್ಲಿ ಹೆಣೆದದ್ದು! ಮಿಲ್ಲಿನದೇ! ಇದಕ್ಕೆ ತೂತು ಹುಡುಕಿ ನೋಡುವ!"

ಒಬ್ಬೊಬ್ಬರೇ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಚೆಟ್ಟಿಯಾರರು ಅಂಗವಸ್ತ್ರವನ್ನು ಕತ್ತಿನ ಸುತ್ತ ಬಿಗಿಯಾಗಿ ಹೊದ್ದರು.

"ಬನಿಯನ್ನು ಬಟ್ಟೆಯಲ್ಲ," ಎಂದರು ನಿಧಾನವಾಗಿ.

"ಮತ್ತೆಂತ ಅದು?"

"ಅದು... ಚರ್ಮ. ಎರಡನೇ ಚರ್ಮ."

"ಚರ್ಮವನ್ನು ಒಗೆದು ಹಗ್ಗದಲ್ಲಿ ಒಣಗಿಸುತ್ತಾರಾ ಚೆಟ್ಟಿಯಾರರೇ?"

ಗದ್ದಲ ಎದ್ದಿತು. ಬನಿಯನ್ನು ಒಳಗಿನದು, ನಿಯಮ ಹೊರಗಿನದಕ್ಕೆ ಮಾತ್ರ ಎಂದರು ಕೆಲವರು. ಹಾಗಾದರೆ ಪಂಚೆಯ ಒಳಗಿನದು ಏನು ಎಂದು ಒಬ್ಬ ಕೇಳಿದ. ಅವನನ್ನು ಬಾಯಿ ಮುಚ್ಚಿಸಿ ಕೂರಿಸಿದರು. ಬನಿಯನ್ನಿನ ಉಪಸಮಿತಿ ರಚಿಸಿ ಎಂದ ತಿರುಮಲೇಶ. ಸಂಚಾಲಕ ಸದಾನಂದ ಎಂದು ಮಹಡಿಯೇ ಒಂದಾಗಿ ಕೂಗಿತು. ಸದಾನಂದ ಕಿಟಕಿಯ ಸರಳು ಹಿಡಿದುಕೊಂಡು, "ತೆಗೆದುಹಾಕಿ! ನನ್ನನ್ನು ತೆಗೆದುಹಾಕಿ!" ಎಂದು ಕೂಗುತ್ತಲೇ ಇದ್ದ.

ಎದುರು ಅಂಗಡಿಯಲ್ಲಿ ಕೂತ ಸುಗುಣಾ ತಲೆ ಎತ್ತಿದಾಗ ಕಂಡದ್ದು ಇದು: ಗಂಡ ಬನಿಯನ್ನಿನಲ್ಲಿ, ಕೆನ್ನೆ ಊದಿಸಿಕೊಂಡು, ಹೋಟೆಲಿನ ಕಿಟಕಿಯಲ್ಲಿ ನಿಂತು ಬೊಬ್ಬೆ ಹೊಡೆಯುತ್ತಿದ್ದಾನೆ, ಹಿಂದೆ ಜನ ಅವನ ಅಂಗಿಯನ್ನು ಬೀಸುತ್ತಿದ್ದಾರೆ. ಅವಳು ಅಂಗಡಿಯ ಬಾಗಿಲೆಳೆದು, ಸೆರಗು ಸಿಕ್ಕಿಸಿಕೊಂಡು, ದಡದಡನೆ ಮಹಡಿ ಹತ್ತಿದಳು.

ಆ ಮಹಡಿಗೆ ಹೆಂಗಸರು ಬಂದದ್ದು ಅದೇ ಮೊದಲು. ಉಕ್ಕುವ ಹಾಲಿಗೆ ನೀರು ಚಿಮುಕಿಸಿದಂತೆ ಗದ್ದಲ ಇಳಿಯಿತು.

"ಯಾರು ಇವರ ಅಂಗಿ ಬಿಚ್ಚಿದ್ದು?" ಎಂದಳು.

ಚೆಟ್ಟಿಯಾರರು ಅಂಗಿಯನ್ನು ಹಿಂದಕ್ಕೆ ಮರೆಮಾಡಿದರು. "ಅದು... ತಂಗಚ್ಚಿ, ಕೈಮಗ್ಗದ ಮರ್ಯಾದೆ ಪ್ರಶ್ನೆ. ಸಂಘದ ಬೆಳವಣಿಗೆ—"

"ಬೆಳವಣಿಗೆ!" ಸುಗುಣಾ ಕಿಟಕಿಯ ಹೊರಗೆ ಕೈ ತೋರಿದಳು. "ಅಲ್ಲಿ ನೋಡಿ ಅಣ್ಣಾ. ದೀಪಾವಳಿ ಬಂತು. ಪಲ್ಲಾವರಂ, ಪೆರಂಬೂರಿನಿಂದ ಮಕ್ಕಳನ್ನು ಕಟ್ಟಿಕೊಂಡು ಜನ ಬಂದಿದ್ದಾರೆ. ನಿಮ್ಮ ಅಂಗಡಿಗಳ ಬೀಗ ನೋಡಿ ನೋಡಿ ಹೋಗುತ್ತಿದ್ದಾರೆ. ಎಲ್ಲಿಗೆ ಹೋಗುತ್ತಾರೆ? ಆ ತುದಿಯ ಮಿಲ್ಲು ಬಟ್ಟೆಯ ಅಂಗಡಿಗೆ! ಅವರಿಗೆ ಸಂಘ ಇಲ್ಲ, ಅದಕ್ಕೇ ಅಂಗಡಿ ತೆರೆದುಂಟು. ನೀವಿಲ್ಲಿ ಒಬ್ಬರ ಬನಿಯನ್ನು ಒಬ್ಬರು ನೋಡುತ್ತ ಕೂತಿದ್ದೀರಿ."

ಕಿಟಕಿಯ ಹತ್ತಿರವಿದ್ದವರು ಬಗ್ಗಿ ನೋಡಿದರು. ಅವಳು ಹೇಳಿದ್ದು ನಿಜವಾಗಿತ್ತು. ಒಬ್ಬಾಕೆ ಆಗಲೇ ಮಿಲ್ಲು ಸೀರೆಯ ಪೊಟ್ಟಣ ಹಿಡಿದು ತಿರುಮಲೇಶನ ಅಂಗಡಿಯ ಮೆಟ್ಟಿಲ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಿದ್ದಳು.

"ಇಷ್ಟು ವರ್ಷದಲ್ಲಿ ಈ ಮಹಡಿ ಮೇಲೆ ಒಬ್ಬರೂ ಹೀಗೆ ಮಾತಾಡಿಲ್ಲ," ಎಂದರು ಚೆಟ್ಟಿಯಾರರು. "ಇವರನ್ನ ನಾಳೆ ಮಂತ್ರಿ ಮುಂದೆ ನಿಲ್ಲಿಸಿದರೆ ಈ ವರ್ಷದ ರಿಬೇಟು ತಾನಾಗಿ ಬರುತ್ತೆ, ಪಾರುಂಗೋ!"

ಆಗ ಸದಾನಂದನ ತಲೆಯಲ್ಲಿ ದೀಪ ಹೊತ್ತಿತು. ಅವನು ಕಿಟಕಿಯ ಸರಳು ಬಿಟ್ಟ.

"ಇವಳನ್ನೇ ಕಾರ್ಯದರ್ಶಿ ಮಾಡಿ!"

"ಹೆಂಗಸರು ಆಗಬಹುದಾ?" ಎಂದು ಹಿಂದಿನಿಂದ ಒಂದು ಪ್ರಶ್ನೆ.

"ನಿಯಮದಲ್ಲಿ ಒಂದು ಅಂಗಡಿಗೆ ಒಬ್ಬ ಸದಸ್ಯ ಅಂತ ಮಾತ್ರ ಉಂಟು. ಗಂಡಸು ಅಂತ ಎಲ್ಲಿಯೂ ಇಲ್ಲ. ಬರೆದವನು ನಾನೇ! ನಮ್ಮ ಅಂಗಡಿಯ ಸದಸ್ಯತ್ವ ಇವಳಿಗೆ ಬಿಟ್ಟುಕೊಟ್ಟೆ!"

"ನನ್ನದು ಅನುಮೋದನೆ!" ಎಂದು ತಿರುಮಲೇಶ ಹಾರಿದ. ತನ್ನ ತಲೆಯ ಮೇಲಿಂದ ಕತ್ತಿ ಸರಿದ ಹಾಗಾಗಿತ್ತು ಅವನಿಗೆ.

ಸುಗುಣಾ ಗಂಡನ ಕಡೆ ನೋಡಿದಳು. ಅವನು ಊದಿದ ಕೆನ್ನೆಯ ನೋವನ್ನೂ ಮರೆತು, ಗಾಳಿಗೆ ಸಿಕ್ಕ ಬಾಳೆ ಎಲೆಯ ಹಾಗೆ ತಲೆಯಾಡಿಸುತ್ತಿದ್ದ.

"ಅಂಗಡಿ ತೆರೆದಿಡಿ ಎಂದು ಹೇಳುವವರು ಒಬ್ಬರು ಬೇಕೇ ಬೇಕು ಇಲ್ಲಿ," ಎಂದಳು ಅವಳು, ಅರ್ಧ ತನಗೇ ಎಂಬಂತೆ. "ಸರಿ."

ಕೈ ಎತ್ತಿ ಎಂದರು ಚೆಟ್ಟಿಯಾರರು. ಸದಾನಂದ ಎರಡೂ ಕೈ ಎತ್ತಿದ.

ಅವನು ಬೀದಿಗಿಳಿದಾಗ ಬಿಸಿಲೂ ತಂಪಾಗಿತ್ತು. ಕೈಯಲ್ಲಿ ಕಾಗದವಿಲ್ಲ, ತಲೆಯಲ್ಲಿ ನಿರ್ಣಯವಿಲ್ಲ. ಅಂಗಡಿಯ ಬಾಗಿಲು ತೆರೆದು, ಸುಗುಣಾ ಕೂರುವ ಮಣೆಯ ಮೇಲೆ ರಾಜನ ಹಾಗೆ ಕೂತ. ಗಿರಾಕಿಗಳು ಬಂದರು. ಒಬ್ಬಾಕೆ ಟವೆಲು ಎತ್ತಿಕೊಂಡು ಬಣ್ಣ ಬಿಡುತ್ತದೆಯೇ ಎಂದಳು. ಅವನಿಗೆ ಗೊತ್ತಿರಲಿಲ್ಲ. ಇನ್ನೊಬ್ಬಾಕೆ ತನ್ನ ಮಗಳ ಮದುವೆಗೆ ಎತ್ತಿಡಲು ಹೇಳಿದ್ದ ಹೊದಿಕೆ ಎಲ್ಲಿ ಎಂದಳು. ಅದೂ ಗೊತ್ತಿರಲಿಲ್ಲ. "ಅಮ್ಮಾ ವರಟ್ಟುಂ," ಅಮ್ಮನೇ ಬರಲಿ, ಎಂದು ಇಬ್ಬರೂ ಎದ್ದು ಹೋದರು. ಸದಾನಂದ ಬೇಸರ ಮಾಡಿಕೊಳ್ಳಲಿಲ್ಲ. ಈ ಮಣೆ ಅವನಿಗೇನು ಶಾಶ್ವತವೇ? ನಾಳೆ ಅವನು ರೈಲಿನಲ್ಲಿರುತ್ತಾನೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಸುಗುಣಾ ಇಳಿದು ಬಂದಳು. ಕೊರಳಲ್ಲಿ ಹಾರ, ಕಂಕುಳಲ್ಲಿ ಕಾಗದದ ಕಟ್ಟು. ಇಷ್ಟು ಲವಲವಿಕೆಯಿಂದ ಅವಳು ನಡೆದದ್ದನ್ನು ಅವನು ಮದುವೆಯಾದ ಹೊಸದರಲ್ಲಿ ನೋಡಿದ್ದಷ್ಟೇ.

"ಎಲ್ಲ ಸುಸೂತ್ರವಾಯಿತಲ್ಲ," ಎಂದ ಸದಾನಂದ. "ಸಂಘದ ಪೀಡೆ ಕಳೆಯಿತು. ನಾಳೆ ಬೆಳಿಗ್ಗೆ ನಾನು ಸೇಲಂಗೆ. ಕಪಾಟು ತುಂಬ ಸೀರೆ ತರುತ್ತೇನೆ ನೋಡು. ಎರಡು ದಿನ ನೀನು ಅಂಗಡಿ ನೋಡಿಕೊಂಡರೆ—"

"ನಾನಾ? ನಾಳೆ ನನಗೆ ಕೋಟೆಗೆ ಹೋಗಲಿಕ್ಕುಂಟಲ್ಲ. ಮಂತ್ರಿಗಳ ಮುಂದೆ ನಾನೇ ಮಾತಾಡಬೇಕಂತೆ. ನಾಡಿದ್ದು ಟಿ. ನಗರ ಶಾಖೆ."

ಬೀದಿಯಲ್ಲಿ ಒಂದು ಜಟಕಾ ಹೋಯಿತು.

"ಹಾಗಾದರೆ... ಎರಡು ದಿನ ಅಂಗಡಿ ಮುಚ್ಚಿ ಹೋಗುತ್ತೇನೆ."

"ಆಗುವುದಿಲ್ಲ," ಎಂದಳು ಸುಗುಣಾ. "ನೀವು ಬಂದ ಮೇಲೆ ಒಂದು ನಿರ್ಣಯ ಪಾಸು ಮಾಡಿಸಿದೆ. ದೀಪಾವಳಿ ಮುಗಿಯುವ ತನಕ ಸದಸ್ಯರ ಅಂಗಡಿ ಒಂದು ದಿನವೂ ಮುಚ್ಚುವ ಹಾಗಿಲ್ಲ. ಕಾರ್ಯದರ್ಶಿಯ ಅಂಗಡಿಯೇ ಮುಚ್ಚಿದರೆ ಜನ ಎಂತ ಹೇಳುತ್ತಾರೆ?"

"ಮತ್ತೆ ಸೇಲಂ? ಸೀರೆ?" ಸದಾನಂದನ ಕಣ್ಣ ಮುಂದೆ ತಾಂಬರಂನ ಗಲ್ಲಾಪೆಟ್ಟಿಗೆ ಕಾಣಿಸಿತು.

ಸುಗುಣಾ ಹಾರ ತೆಗೆದು ಖಾಲಿ ಕಪಾಟಿನ ಮೊಳೆಗೆ ನೇತುಹಾಕಿದಳು. ಗಲ್ಲಕ್ಕೆ ಬೆರಳಿಟ್ಟು ಗಂಭೀರವಾಗಿ ಯೋಚಿಸಿದಳು. ಆಮೇಲೆ ಕಂಕುಳ ಕಟ್ಟಿನಿಂದ ಒಂದು ಬಿಳಿ ಹಾಳೆ ಎಳೆದು ಗಂಡನ ಮುಂದಿಟ್ಟಳು.

"ಬರೆದುಕೊಳ್ಳಿ," ಎಂದಳು. "ಅದಕ್ಕೊಂದು ಉಪಸಮಿತಿ ಮಾಡೋಣ."